ಅಮ್ಮನ ಡಿಕಾಕ್ಷನ್ ಚೊಂಬು

ಕಾಫಿ ಬೀಜ ಹುರಿಯುವ ವಾಸನೆ ಎಲ್ಲಿಂದ ತೇಲಿಬಂದರೂ ಸರಿ, ನಾನು ನಿಂತುಬಿಡುತ್ತೇನೆ. ಜಯನಗರದ ನಮ್ಮ ಹಳೆಯ ಮನೆ, ಅದರ ಮುಂಭಾಗದಲ್ಲಿದ್ದ ಅಪ್ಪನ ಕಾಫಿಪುಡಿ ಅಂಗಡಿ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಬೀಜ ಹುರಿಯುವುದು ಅಪ್ಪನ ಕೆಲಸ, ಗಿರಾಕಿಗಳನ್ನು ಹಿಡಿಯುವುದು ಅಮ್ಮನದು. ಐವತ್ತರ ದಶಕದ ಆ ದಿನಗಳಲ್ಲಿ ಸುತ್ತ ಹೊಸ ಮನೆಗಳು ಏಳುತ್ತಲೇ ಇದ್ದವು. ಯಾವ ಬಾಗಿಲಿಗೆ ಗೃಹಪ್ರವೇಶದ ತೋರಣ ಕಂಡರೂ ಸಾಕು, ಯಾರು ಎತ್ತ ಎಂದು ವಿಚಾರಿಸದೆ ಅಮ್ಮ ಹಿತ್ತಾಳೆ ಚೊಂಬಿನ ತುಂಬ ಬಿಸಿ ಡಿಕಾಕ್ಷನ್ ಹಿಡಿದು ನಡೆದುಬಿಡುತ್ತಿದ್ದಳು. "ಹಾಲು ನಿಮ್ದು, ಡಿಕಾಕ್ಷನ್ ನಮ್ದು!" ಉಕ್ಕಿಸಿದ ಹಾಲಿಗೆ ಅದನ್ನು ಬೆರೆಸಿ ಕುಡಿದವರು ಮರುದಿನ ನಮ್ಮ ಅಂಗಡಿಯಲ್ಲಿರುತ್ತಿದ್ದರು. ಯಾರಿಗೆ ಚಿಕೋರಿ ಬೇಕು, ಯಾರಿಗೆ ಬೇಡ, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿ.

ಅಷ್ಟರಲ್ಲಿ ಬಂತು ನೋಡಿ, ಬೀದಿಯ ಮೂಲೆಗೆ ಚನ್ನಬಸಪ್ಪನವರ ದೊಡ್ಡ ಕಾಫಿ ಅಂಗಡಿ! ಕರೆಂಟಿನ ಮಿಷನ್ನು, ಗಾಜಿನ ಬೀರು, ಪುಡಿ ಕೊಂಡವರಿಗೆ ಚಮಚ ಪುಕ್ಕಟೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಅಪ್ಪ ನೊಣ ಹೊಡೆಯುತ್ತ ಕೂತರು. "ಹಿಂಗೇ ಆದ್ರೆ ಯುಗಾದಿ ಹೊತ್ಗೆ ಬಾಗ್ಲು ಹಾಕೋದೇ ಕಣೇ," ಎಂದರು. ಅಮ್ಮ ಆಗಲೇ ಹಿಂದಿನ ಬೀದಿಯಲ್ಲಿ ತೋರಣ ಕಂಡಿದ್ದಳು. ಚೊಂಬು ತುಂಬಿಸಿ, ನನ್ನ ಕೈ ಹಿಡಿದು ಹೊರಟಳು.

ಅಲ್ಲಿ ಎಲ್ಲರಿಗೂ ಕಾಫಿ ಕೊಟ್ಟಾದ ಮೇಲೆ, ಪೂಜೆ ಮುಗಿಸಿ ಒಳಗಿಂದ ಬಂದ ಮನೆಯ ಯಜಮಾನರನ್ನು ನೋಡಿ ಅಮ್ಮ ಚೊಂಬು ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದಳು. ಅಯ್ಯೋ ದೇವರೇ, ಅವರೇ ಚನ್ನಬಸಪ್ಪನವರು! ಅವರು ಅಮ್ಮನನ್ನು ನೋಡಿದರು, ಚೊಂಬನ್ನು ನೋಡಿದರು. ಆಗ ಗೋಡೆಗೊರಗಿ ಕೂತಿದ್ದ ಅವರ ತಾಯಿ ಲೋಟ ಮುಂದೆ ಚಾಚಿದರು.

"ಇನ್ನೊಂದ್ ಲೋಟ ಹಾಕಮ್ಮ. ಲೋ ಬಸಪ್ಪ, ನಿನ್ನಂಗ್ಡಿ ಪುಡೀಲಿ ಈ ರುಚಿ ಯಾಕೋ ಬರಲ್ಲ?"

ಇಡೀ ಮನೆ ಗೊಳ್ಳೆಂದು ನಕ್ಕಿತು. ಚನ್ನಬಸಪ್ಪನವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆ ಅಜ್ಜಿ ಮಗನ ಅಂಗಡಿಯನ್ನು ದಾಟಿಕೊಂಡು, ಬೀದಿಗೆಲ್ಲ ಕಾಣುವಂತೆ, ನಮ್ಮ ಪುಡಿಗೆ ಬರತೊಡಗಿದರು. ಅದಕ್ಕಿಂತ ಬೇರೆ ಜಾಹೀರಾತು ಬೇಕೆ? ಹೋದ ಗಿರಾಕಿಗಳೂ ಅವರ ಹಿಂದೆಯೇ ಬಂದರು. ಆ ಯುಗಾದಿಗೆ ಅಪ್ಪ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದರು.

ಈಗ ಆ ಮನೆಯಿಲ್ಲ, ಅಂಗಡಿಯಿಲ್ಲ, ಅಪ್ಪ ಅಮ್ಮನೂ ಇಲ್ಲ. ನಾನು ಜೆ.ಪಿ. ನಗರದಲ್ಲಿ ಮನೆ ಕಟ್ಟಿ ಹಾಲು ಉಕ್ಕಿಸಿದ ದಿನ ನೆಂಟರಿಷ್ಟರೆಲ್ಲ ಇದ್ದರು, ಚೊಂಬು ಹಿಡಿದು ಬರಲು ಅಮ್ಮ ಇರಲಿಲ್ಲ. ಅಷ್ಟರಲ್ಲಿ ತೋರಣದ ಕೆಳಗೆ, ಕೋಲೂರಿಕೊಂಡು, ಹಣ್ಣು ಹಣ್ಣಾದ ಚನ್ನಬಸಪ್ಪನವರು ಬಂದು ನಿಂತರು. ಇನ್ನೊಂದು ಕೈಯಲ್ಲಿ ಹೊಗೆಯಾಡುವ ಚೊಂಬು.

"ಹಾಲು ನಿಮ್ದು," ಎಂದರು, "ಡಿಕಾಕ್ಷನ್ ನಮ್ದು ಕಣಮ್ಮ."