ವರ್ಡೆಲ್ ಬಾಯಿಬಿಟ್ಟ ಹೊತ್ತು

ವರ್ಡೆಲ್ ನಮ್ಮ ಪಕ್ಕದ ಮನೆಯವಳು. ಅಮೆರಿಕದ ಜಾರ್ಜಿಯಾದ ಈ ಊರಲ್ಲಿ ಹೆರಿಗೆ ವಾರ್ಡು ಮುಚ್ಚಿದ ಮೇಲೆ ಬಸುರಿಯರೆಲ್ಲ ಹೆದ್ದಾರಿ ಹಿಡಿದು ಪಕ್ಕದೂರಿನ ಆಸ್ಪತ್ರೆಗೆ ಹೋಗಬೇಕು. ಅವರ ಜೊತೆಗೆ ಹೋಗುತ್ತಿದ್ದವಳು ಇವಳು. ಸೂಲಗಿತ್ತಿಯಲ್ಲ, ನರ್ಸೂ ಅಲ್ಲ. ಹೆರುವವಳ ಸೊಂಟ ಒತ್ತಿ, ಕೈ ಹಿಡಿದು, ಆಮೇಲೆ ಬಾಣಂತಿಯ ಮನೆಗೆ ಹೋಗಿ ಸೂಪು ಕಾಯಿಸಿಕೊಡುವ ಡೂಲಾ. ಆ ಕೆಲಸಕ್ಕೂ ಒಂದು ಸಂಘವಿದೆ, ಕಟ್ಟುಪಾಡಿದೆ. ಔಷಧಿ ಮುಟ್ಟಬಾರದು. ತಾಯಿಯ ಪರವಾಗಿ ಡಾಕ್ಟರ ಹತ್ತಿರ ಮಾತಾಡಬಾರದು. ಮಾತಾಡುವ ಧೈರ್ಯವನ್ನು ತಾಯಿಗೇ ತುಂಬಬೇಕು.

ವರ್ಡೆಲ್ ಇದನ್ನು ಬೈಬಲ್ಲಿನಷ್ಟೇ ನಂಬಿದ್ದಳು. ಬಸುರಿಯರನ್ನು ತನ್ನ ಅಡಿಗೆಮನೆಯಲ್ಲಿ ಕೂರಿಸಿ, ತಾನೇ ಸಿಡುಕು ಡಾಕ್ಟರಾಗಿ ನಟಿಸುತ್ತ ಅವರ ಬಾಯಿ ಬಿಡಿಸುತ್ತಿದ್ದಳು.

“ಜೋರಾಗಿ ಹೇಳೇ! ಚರ್ಚಲ್ಲಿ ಹಾಡೋವಾಗ ಎಲ್ಲಿಂದ ಬರುತ್ತೆ ಆ ಗಂಟಲು?”

“ಡಾಕ್ಟ್ರೇ, ನಂಗೇನೋ ಸರಿಯಿಲ್ಲ. ಈಗ್ಲೇ ನೋಡಿ!” ಎಂದು ನಗು ತಡೆಯಲಾರದೆ ಕೂಗಿದವಳು ಶರೀಸ್, ನಮ್ಮ ಚರ್ಚಿನ ಹುಡುಗಿ, ಚೊಚ್ಚಲ ಬಸುರಿ.

ಶರೀಸಳಿಗೆ ಹೆಣ್ಣುಮಗು ಸಲೀಸಾಗಿ ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಇದೆಲ್ಲ ವರ್ಡೆಲ್ ನನಗೆ ಅತ್ತುಕೊಂಡು ಹೇಳಿದ್ದು. ಶರೀಸ್ ಕಲಿತ ಹಾಗೆಯೇ, “ನಂಗೇನೋ ಸರಿಯಿಲ್ಲ, ಡಾಕ್ಟ್ರನ್ನ ಕರೀರಿ,” ಎಂದಳಂತೆ.

“ಹೆತ್ತ ಮೇಲೆ ಎಲ್ರಿಗೂ ಹಂಗೇ ಅನ್ಸುತ್ತಮ್ಮಾ, ಸುಮ್ನೆ ಮಲಕ್ಕೋ,” ಎಂದಳು ನರ್ಸು.

“ಇನ್ನೊಂದ್ಸಲ ಹೇಳು ಮಗಳೇ,” ಎಂದು ವರ್ಡೆಲ್ ಕಿವಿಯಲ್ಲಿ ಉಸುರಿದಳು. ಶರೀಸ್ ಹೇಳಿದಳು. ಮತ್ತೂ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವಳ ತುಟಿ ಬಿಳಿಚಿಕೊಂಡು ದನಿಯೇ ಹೊರಡದಾದಾಗ ವರ್ಡೆಲ್ ಹೊರಗೋಡಿ, “ಹುಡುಗಿ ಸಾಯ್ತಿದಾಳೆ, ಬನ್ರೋ!” ಎಂದು ಅರಚಿದಳು. ಮೊದಲು ಬಂದವನು ಕಾವಲುಗಾರ; ಇವಳ ತೋಳು ಹಿಡಿದು ಆಚೆ ಕಳಿಸಿದ. ಆಮೇಲೆ ಡಾಕ್ಟರು ಬಂದರು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಶರೀಸ್ ಉಳಿಯಲಿಲ್ಲ.

ತಾಯಿಯ ಪರವಾಗಿ ಕೂಗಾಡಿದಳೆಂದು ಆಸ್ಪತ್ರೆ ಸಂಘಕ್ಕೆ ದೂರು ಕೊಟ್ಟಿದ್ದು ವರ್ಡೆಲ್ ಮೇಲೆ. ಸಂಘದವರು ಕಂಪ್ಯೂಟರಿನಲ್ಲೇ ವಿಚಾರಣೆ ಮಾಡಿದರು, ನಾನೂ ಪಕ್ಕದಲ್ಲಿದ್ದೆ.

“ನಿಮ್ಮ ಸಂಕಟ ನಮಗೆ ಅರ್ಥವಾಗುತ್ತೆ. ಆದ್ರೆ ಮಿತಿ ಅಂದ್ರೆ ಮಿತಿ,” ಎಂದಳು ಒಬ್ಬಳು, ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ.

“ನಿಮ್ಮ ಮಿತಿಗೆ ಬೆಂಕಿ ಬೀಳ!” ಎಂದೆ. ವರ್ಡೆಲ್ ನನ್ನ ತೊಡೆ ಚಿವುಟಿದಳು. ಸಂಘದಿಂದ ಅವಳ ಹೆಸರು ಹೋಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅದಾದ ಮೇಲೆ ಶರೀಸಳ ತಾಯಿ ಲುವೆನಿಯಾ ಮಗುವನ್ನೆತ್ತಿಕೊಂಡು ವರ್ಡೆಲ್ ಮನೆಗೆ ಬಂದಳು. ಈಕೆಯಾದರೂ ಒಂದು ಒಳ್ಳೆಯ ಮಾತು ಹೇಳಿಯಾಳು ಎಂದು ನಾನು ಕುರ್ಚಿ ಎಳೆದು ಹಾಕಿದೆ. ಲುವೆನಿಯಾ ಕೂರಲಿಲ್ಲ.

“ನೀನು ಕೂಗಿದ್ದು ಇಡೀ ಆಸ್ಪತ್ರೆಗೆ ಕೇಳಿಸ್ತಂತೆ?”

“ಹೌದಕ್ಕಾ.”

“ಅಷ್ಟು ದೊಡ್ಡ ಗಂಟಲು ಇಟ್ಕೊಂಡು, ನನ್ನ ಮಗಳು ಮೊದಲ್ನೇ ಸಲ ಹೇಳ್ದಾಗ್ಲೇ ಯಾಕೆ ಕೂಗ್ಲಿಲ್ಲ?”

“ನಿಯಮ...” ಎಂದಳು ವರ್ಡೆಲ್. ಮಗುವಿನ ಕಡೆ ಕೈ ಚಾಚಿದಳು. ಲುವೆನಿಯಾ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ವರ್ಡೆಲ್ ಪರವಾಗಿ ಏನಾದರೂ ಹೇಳಬೇಕೆಂದು ನಾನು ಬಾಗಿಲತನಕ ಓಡಿದೆ. ಹೊಸ್ತಿಲಿಂದಲೇ ತಿರುಗಿ ಬಂದು, ಅವಳಿಗೆಂದು ಹಾಕಿದ್ದ ಕುರ್ಚಿಯನ್ನು ಮತ್ತೆ ಗೋಡೆಗೆ ಸರಿಸಿಟ್ಟೆ.