ಪಾಲಾಕ್ಷಪ್ಪನ ಮೀಸೆ ಉಳಿಸಿದ ಮಷೀನು

ನಮ್ಮೂರಿನ ಹಿಟ್ಟಿನ ಗಿರಣಿಯ ಬೋರ್ಡಿನ ಮೇಲೆ ಪಾಲಾಕ್ಷಪ್ಪನ ಹೆಸರಿದೆ. ಒಳಗೆ ಜೋಳ ಬೀಸುವವಳು ಅವನ ಹೆಂಡತಿ ನಾಗಲಿಂಗಮ್ಮ. ಪಾಲಾಕ್ಷಪ್ಪನದು ಇಸ್ತ್ರಿ ಅಂಗಿ ತೊಟ್ಟು ಎದುರಿನ ಹೋಟೆಲಿನಲ್ಲಿ ಕೂತು, ಮೀಸೆ ತಿರುವುತ್ತ ದೇಶದ ಚಿಂತೆ ಮಾಡುವ ಕೆಲಸ. ಆ ಮೀಸೆಗೆ ಒಂದು ಚಿಟಿಕೆ ಹಿಟ್ಟು ತಾಗಿದ್ದನ್ನು ನಾನಂತೂ ಕಂಡಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಈ ಮಹಾಶಯ ವಿಧಾನಸಭೆಗೆ ಪಕ್ಷೇತರನಾಗಿ ನಿಂತ. ಗುರುತು ಫ್ಯಾನು. ನಾನು ಮೈಲಪ್ಪ, ಪಕ್ಕದಲ್ಲೇ ಸೈಕಲ್ ಅಂಗಡಿಯವನು. ಅವನ ಜಂಬ ಕೇಳಿ ಕೇಳಿ ತಲೆಕೆಟ್ಟು ಅಂದೇಬಿಟ್ಟೆ:

“ಲೇ, ನಮ್ಮ ಬೂತಿನಾಗ ನಿನಗ ಇಪ್ಪತ್ತು ಓಟು ಬಿದ್ರ ಇಡೀ ಹೋಟ್ಲಿಗೆ ನಂದು ಮಿರ್ಚಿ ಮಂಡಕ್ಕಿ!”

“ಬೀಳ್ದಿದ್ರ ಈ ಮೀಸಿ ಬೋಳಿಸ್ತೀನಲೇ!”

ಮತದಾನದ ದಿನ ಏಜೆಂಟನಾಗಲು ಒಬ್ಬ ನರಪಿಳ್ಳೆಯೂ ಸಿಗದೆ ತಾನೇ ಹೋಗಿ ಕೂತ. ಬಾಗಿಲು ತೆರೆಯುವ ಮುಂಚೆ ಮಷೀನು ಸರಿ ಇದೆಯೋ ಇಲ್ಲವೋ ಅಂತ ಏಜೆಂಟರ ಕೈಯಲ್ಲಿ ಒತ್ತಿಸಿ ನೋಡುತ್ತಾರಲ್ಲ, ಆಗ ದೊಡ್ಡ ಪಕ್ಷದವರು ಇಡ್ಲಿ ತಿನ್ನಲು ಹೋಗಿದ್ದರಂತೆ. ಇವನೊಬ್ಬನೇ ಒತ್ತಿದ್ದು. “ಫ್ಯಾನ್ ಒತ್ತಿದಾಗೆಲ್ಲ ಕುಂಯ್ ಅಂತೈತಿ ನೋಡ್ರಿ! ಆಫೀಸರ್ ಸಾಕ್ರಿ ಅಂದ್ರೂ ನಾ ಬಿಡಲಿಲ್ಲ” ಅಂತ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ. ಅಷ್ಟರಲ್ಲಿ ಹೊರಗೆ ಸಾಲು ಬೆಳೆದು ಗಲಾಟೆ ಆಗಿ, ಆಫೀಸರು ಗಡಿಬಿಡಿಯಲ್ಲಿ ಸೀಲು ಹಾಕಿ ಜನರನ್ನು ಒಳಗೆ ಬಿಟ್ಟರಂತೆ.

ಎಣಿಕೆಯ ದಿನ ನಮ್ಮ ಬೂತಿನಲ್ಲಿ ಫ್ಯಾನಿಗೆ ಇಪ್ಪತ್ತೆರಡು! ನನ್ನ ಹೊಟ್ಟೆ ಉರಿದುಹೋಯಿತು. ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿದೆ, ಹಾಕಿದೆ ಅನ್ನುವ ಒಬ್ಬನೂ ಸಿಗಲಿಲ್ಲ. ಆದರೂ ಮಾತು ಮಾತೇ, ಮಿರ್ಚಿ ಮಂಡಕ್ಕಿ ಕೊಡಿಸಿದೆ. ಅವನು ಎರಡು ಪ್ಲೇಟು ತಿಂದ.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ಪಾಲಾಕ್ಷಪ್ಪ ಹೇಗಾದಾನು? ಆ ಬೂತಿನ ಪಟ್ಟಿಯಲ್ಲಿ ಸಹಿ ಹಾಕಿದ ಮತದಾರರಿಗಿಂತ ಮಷೀನಿನ ಓಟು ಒಂದಿಷ್ಟು ಹೆಚ್ಚಿದ್ದವಂತೆ. ಗೆದ್ದವನ ಅಂತರ ಸಾವಿರಗಟ್ಟಲೆ ಇದೆ, ಬಿಡ್ರಿ ಅಂತ ಎಣಿಸುವವರು ಮುಂದೆ ಹೋದರಂತೆ. ಇವನಿಗೆ ಅದೇ ಸಾಕಾಯಿತು. ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯ ಮುಂದೆ ಶಾಮಿಯಾನ ಹಾಕಿ ಕೂತ. “ಹೆಚ್ಚಿಗಿ ಬಂದಾವು ಅವರವು, ಕಡಿಮಿ ಆಗ್ಯಾವು ನನ್ನವು! ಕಾಗದ ತೋರ್ಸ್ರಿ, ಕೈಯಿಂದ ಎಣಿಸ್ರಿ!”

ಒಳಗಿನಿಂದ ಒಬ್ಬ ಸಾಹೇಬರು ಬಂದು, “ಇದರಲ್ಲಿ ಕಾಗದ ಇರಲ್ಲ, ಮಷೀನ್ ತಪ್ಪು ಮಾಡಲ್ಲ” ಅಂದರು. ಯಾಕೆ ಅಂತ ಕೇಳಿದರೆ, “ಯಾಕಂದ್ರೆ ಅದು ಮಷೀನ್.” ಆಹಾ, ಎಂಥ ಜ್ಞಾನ! ಸಂತೆಯಲ್ಲಿ ಬದನೆಕಾಯಿ ಕೊಂಡವರು ಕೂಡ ಸಂಶಯ ಬಂದರೆ ಇನ್ನೊಂದು ತಕ್ಕಡಿಗೆ ಹಾಕಿ ನೋಡುತ್ತಾರೆ. ಆಸಾಮಿ ಎಂಥವನೇ ಇರಲಿ, ಅವನ ಮಾತು ನ್ಯಾಯದ್ದೇ ಅಂತ ನನಗೂ ಅನ್ನಿಸಿತು. ಒಂದು ದಿನ ನಾನೂ ಹೋಗಿ ಅವನ ಪಕ್ಕ ಕೂತು ಬಂದೆ.

ಮರುದಿನ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಪಾಲಾಕ್ಷಪ್ಪ ಹೋರಾಟದ ನಡುವೆ ಊಟಕ್ಕೆ ಬಂದಿದ್ದ. ನನಗಿಂತ ಮುಂಚೆ ಯಾರೋ ಖಾರ ಬೀಸಿಸಿದ್ದರು. ನಾಗಲಿಂಗಮ್ಮ ನನ್ನ ಜೋಳ ಸುರಿಯುವ ಮುಂಚೆ, ಒಳಗುಳಿದ ಖಾರ ಹೋಗಲಿ ಅಂತ ಒಂದು ಬೊಗಸೆ ನುಚ್ಚು ಹಾಕಿ ಬೀಸಿ ತೆಗೆದಳು. ತೆಗೆಯುತ್ತಿದ್ದವಳು ಹಾಗೇ ನಿಂತು ಗಂಡನ ಕಡೆ ತಿರುಗಿದಳು.

“ಅಲ್ರೀ, ಅವತ್ತು ಮುಂಜಾನಿ ನೀವು ಫ್ಯಾನ್ ಒತ್ತಿ ಒತ್ತಿ ನೋಡಿದ್ರಲ್ಲ, ಆಮ್ಯಾಗ ಮಷೀನ್ ಖಾಲಿ ಮಾಡಿದ್ರೇನು? ಹಿಂದಿನ ಹಿಟ್ಟು ಒಳಗ ಉಳೀತೈತಲ್ಲ?”

ಪಾಲಾಕ್ಷಪ್ಪನ ಕೈ ಮೀಸೆಯ ಮೇಲೇ ನಿಂತಿತು.

“ಎಷ್ಟು ಸಲ ಒತ್ತಿದ್ಯಲೇ?” ಅಂದೆ.

“ನಾನೇನು ಎಣಿಸ್ಕೆಂತ ಕುಂತಿದ್ನೇನು...” ಅಂದ.

“ನಾನಂತೂ ಫ್ಯಾನಿಗೆ ಒತ್ತಿಲ್ಲಪ್ಪ” ಅಂದು ನಾಗಲಿಂಗಮ್ಮ ನನ್ನ ಜೋಳ ಸುರಿದಳು.

ಅವತ್ತು ಸಂಜೆಯೇ ಶಾಮಿಯಾನ ಬಿಚ್ಚಿತು. ಹೋಟೆಲಿನಲ್ಲಿ ಪಾಲಾಕ್ಷಪ್ಪ, “ಮಷೀನ್ ಅಂದ್ರ ದೇವ್ರಿದ್ದಂಗ. ಸಂಶಯ ಪಡಬಾರ್ದು” ಅಂತ ಉಪದೇಶ ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೆ ಅಂದೆ: “ಆ ಓಟೆಲ್ಲ ನೀನೇ ಒತ್ತಿದ್ದು! ಬೋಳಿಸಲೇ ಮೀಸಿ!”

ಅವನು ಚಹಾ ಗುಟುಕರಿಸಿ ಲೋಟ ಕೆಳಗಿಟ್ಟ.

“ಹೌದೇನು? ಕಾಗದ ಐತೇನು? ತಗಂಬಾ, ಕೈಯಿಂದ ಎಣಿಸಣ.”

ನಾನು ಎಲ್ಲಿಂದ ತರಲಿ? ಹೋಟೆಲಿನವರೆಲ್ಲ ಗೊಳ್ಳೆಂದು ನಕ್ಕರು, ಅವನು ಮೀಸೆ ತಿರುವಿದ.