ಸೊನ್ನೆ ಹೊಡೆದು ಬರೆದ ಆರು

ಮದ್ರಾಸಿನ ಗೆಳೆಯನ ಕಾರ್ಡು ಓದಿ ನಾನು ಗರಬಡಿದವನಂತೆ ಕೂತುಬಿಟ್ಟೆ. ಹೊಸಪೇಟೆಯಲ್ಲಿ ಮಾಸ್ತರಿಕೆ ಮಾಡಿಕೊಂಡು, ರೇಡಿಯೋ ಹುಚ್ಚು ಹತ್ತಿಸಿಕೊಂಡಿದ್ದ ಕಾಲ ಅದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಸಿಂಹಳದ ರೇಡಿಯೋ ಹವ್ಯಾಸಿಯೊಬ್ಬ ದಿನಾ ಮಧ್ಯಾಹ್ನ ಹತ್ತು ನಿಮಿಷ ತನ್ನ ಗುರುತಿನ ಅಕ್ಷರಗಳನ್ನು ಕಿರುತರಂಗದಲ್ಲಿ ತಂತಿ ಸಂದೇಶದ ಹಾಗೆ ಟಿಕ್‌ಟಿಕ್ ಎಂದು ಕಳಿಸುತ್ತಿದ್ದ. ಬೇರೆ ಬೇರೆ ಊರುಗಳಲ್ಲಿ ನಾವು ಐದಾರು ಜನ ಅದನ್ನು ಕೇಳಿ, ಸದ್ದು ಎಷ್ಟು ಜೋರಾಗಿದೆ ಎಂದು ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಹಾಕಿ ತಿಂಗಳಿಗೊಮ್ಮೆ ಮದ್ರಾಸಿಗೆ ಕಳಿಸಬೇಕು. ಯಾವ ಕಾಲದಲ್ಲಿ ಅಲೆ ಹೇಗೆ ಸಾಗುತ್ತದೆ ಎಂದು ತಿಳಿಯುವ ಆಸೆ ನಮಗೆಲ್ಲ. ನಾನು ಊರಲ್ಲಿಲ್ಲದ ದಿನ ಹೆಂಡತಿ ಕೇಳುತ್ತಿದ್ದಳು. ಆ ಅಕ್ಷರಗಳ ಲಯ ನನಗಿಂತ ಮೊದಲು ಹಿಡಿದದ್ದು ಅವಳೇ.

ಒಂದು ದಿನ ನಾನು ಸಂಡೂರಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಪುಸ್ತಕದಲ್ಲಿ ಸೊನ್ನೆ. ರೇಡಿಯೋ ಹಚ್ಚಿದೆ, ಸ್ಟೇಷನ್ನುಗಳೆಲ್ಲ ಗಟ್ಟಿಯಾಗಿಯೇ ಬರುತ್ತಿದ್ದವು.

“ಕೇಳಾಕ ಕುಂತು ನಿದ್ದಿ ಹೊಡದಿಯೇನು?” ಎಂದೆ.

“ಇಲ್ರೀ. ಅಕ್ಷರ ಬರ್ಲಿಲ್ಲ. ದಿನಾ ಗೊರಗೊರ ಅಂತಿತ್ತಲ್ರಿ, ಅದೂ ಇರ್ಲಿಲ್ಲ. ವೈರೆಲ್ಲ ಮುಟ್ಟಿ ನೋಡ್ದೆ, ಸರೀ ಇದ್ವು.”

ನನಗೆ ಪಿತ್ತ ನೆತ್ತಿಗೇರಿತು. ಪಕ್ಕದ ಮನೆಯವಳ ಜೊತೆ ಹರಟೆ ಹೊಡೆದು ಈಗ ಕತೆ ಕಟ್ಟುತ್ತಿದ್ದಾಳೆ ಎಂದುಕೊಂಡು ಬಾಯಿಗೆ ಬಂದಂತೆ ಬೈದೆ. ಹಿಂದಿನ ವಾರವಿಡೀ ಆರು ಇತ್ತು. ಅವಳ ಕಣ್ಣೆದುರಿಗೇ ಸೊನ್ನೆ ಹೊಡೆದುಹಾಕಿ ಆರು ಬರೆದೆ. ಲೆಕ್ಕ ಕಾಪಿ ಹೊಡೆದ ಹುಡುಗರ ಕಿವಿ ಹಿಂಡುತ್ತಿದ್ದ ಮಾಸ್ತರ, ನಾನು.

ಗೆಳೆಯ ಕಾರ್ಡಿನಲ್ಲಿ ಬರೆದಿದ್ದ: ಆ ಮಧ್ಯಾಹ್ನ ಅರ್ಧ ಗಂಟೆ ಎಲ್ಲರ ರೇಡಿಯೋಗಳೂ ಒಮ್ಮೆಲೇ ಸತ್ತಂತಾಗಿದ್ದವು. ಸೂರ್ಯನಲ್ಲಿ ಏನೋ ಸಿಡಿದು ಹಗಲಿದ್ದ ಕಡೆಯೆಲ್ಲ ಕಿರುತರಂಗ ಅಡಗಿಹೋಗಿತ್ತಂತೆ. ಎಲ್ಲರದೂ ಸೊನ್ನೆ, ನಿನ್ನೊಬ್ಬನದೇ ಆರು. ನಿನಗೆ ಹೇಗೆ ಕೇಳಿಸಿತು?

ಸೂರ್ಯ ಮಾಡಿದ್ದನ್ನು ಅಡುಗೆಮನೆಯ ಪಕ್ಕ ಮಣೆಯ ಮೇಲೆ ಕೂತು ಅವಳು ಸರಿಯಾಗಿ ಹಿಡಿದಿದ್ದಳು. ನಾನು ಅದನ್ನು ಹೊಡೆದುಹಾಕಿದ್ದೆ. ಕಾರ್ಡನ್ನು ಅವಳಿಗೆ ಓದಿ ಹೇಳಿದೆ. ತಪ್ಪಾಯಿತು ಎಂದೂ ಅಂದೆ. ಅವಳು ಅಕ್ಕಿ ಆರಿಸುತ್ತ “ಹೂಂ” ಅಂದಳು. ಅದೇ ದಿನ ನಿಜ ಬರೆದು ಮದ್ರಾಸಿಗೆ ಕಾಗದ ಹಾಕಿದೆ.

ಮುಂದಿನ ಸಲ ಕಂಪ್ಲಿಗೆ ಹೊರಟಾಗ ಹೆಡ್‌ಫೋನನ್ನು ಅವಳ ಕೈಗೆ ಕೊಡಹೋದೆ. ತೆಗೆದುಕೊಳ್ಳಲಿಲ್ಲ.

“ಬಂದು ನೀವ ಬರಕೊಳ್ರಿ,” ಎಂದಳು. “ನಿಮಗ ಕೇಳದೇನ ಬರಿಯಾಕ ಬರ್ತೈತಲ್ರಿ.”